ದೋಷ ಪರದೆಗಲ್ಲ, ದಾಖಲೆಗೆ: ಜಾಲತಾಣದ ಒಳಗಿನ ದಿನಚರಿ

ಉದಾಹರಣೆಗೆ, ಕಬ್ಬು ಬೆಳೆಗಾರರ ಹೆಸರು ಮತ್ತು ಊರನ್ನು ನೋಂದಾಯಿಸುವ ಸಣ್ಣದೊಂದು ಜಾಲತಾಣವನ್ನು ಊಹಿಸಿಕೊಳ್ಳಬಹುದು. ಬೀಳಗಿ, ಮುಧೋಳ, ಜಮಖಂಡಿ ಎಂದು ಕನ್ನಡದಲ್ಲಿ ಬರೆದವರ ಅರ್ಜಿ ಸರಾಗವಾಗಿ ಸ್ವೀಕೃತವಾಗುತ್ತದೆ. ಬೀಳಗಿ ತಾಲ್ಲೂಕಿನ ಬಾಡಗಂಡಿಯ ರೈತ ತನ್ನ ಊರಿನ ಹೆಸರು ಬರೆದಾಗ ಮಾತ್ರ ಪರದೆ ಖಾಲಿಯಾಗಿ ನಿಲ್ಲುತ್ತದೆ. ಸ್ವೀಕೃತಿಯೂ ಇಲ್ಲ, ದೋಷದ ಸೂಚನೆಯೂ ಇಲ್ಲ. ದೂರದ ಊರಿನಲ್ಲಿ ಕುಳಿತ ತಂತ್ರಾಂಶ ತಜ್ಞ ಇಂಗ್ಲಿಷ್ ಅಕ್ಷರಗಳಲ್ಲಿ ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡೆದದ್ದೇನೆಂದು ಹೇಳಬಲ್ಲ ಸಾಕ್ಷಿ ಒಂದೇ, ಅದು ಲಾಗ್ ಎಂದು ಕರೆಯಲಾಗುವ ದೋಷದಾಖಲೆ.

ಇಂತಹ ಜಾಲತಾಣಗಳಲ್ಲಿ ಬಹುಪಾಲು ನಡೆಯುವುದು ಪಿಎಚ್‌ಪಿ ಎಂಬ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಇದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. 2000ದಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಇದನ್ನು ನಡೆಸುತ್ತಿರುವುದು ಜೆಂಡ್ ಎಂಜಿನ್. ಬರೆದ ಆದೇಶಗಳನ್ನು ಓದಿ ಕಾರ್ಯರೂಪಕ್ಕೆ ತರುವ ಈ ಎಂಜಿನ್, ತಪ್ಪು ಕಂಡಾಗ ಏನು ಮಾಡಬೇಕೆಂಬುದನ್ನು ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಸಂಯೋಜನಾ ಕಡತದಿಂದ ತಿಳಿದುಕೊಳ್ಳುತ್ತದೆ.

ನಾಲ್ಕು ಸೂಚನೆಗಳು

ಆ ಕಡತದಲ್ಲಿ ಮುಖ್ಯವಾದವು ನಾಲ್ಕು. ಯಾವ ಯಾವ ದರ್ಜೆಯ ದೋಷಗಳನ್ನು ಗಮನಿಸಬೇಕು ಎಂಬುದನ್ನು ಎರರ್ ರಿಪೋರ್ಟಿಂಗ್ ನಿರ್ಧರಿಸುತ್ತದೆ. ಸಣ್ಣ ಸೂಚನೆ, ಎಚ್ಚರಿಕೆ, ಕೆಲಸವನ್ನೇ ನಿಲ್ಲಿಸುವ ಮಾರಕ ದೋಷ, ಮುಂದೆ ಕೈಬಿಡಲಾಗುವ ಪದ್ಧತಿಯ ಬಳಕೆ ಎಂದು ದರ್ಜೆಗಳಿವೆ. 2020ರ ನವೆಂಬರಿನಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಎಲ್ಲವನ್ನೂ ಗಮನಿಸುವುದೇ ಮೂಲ ನಿಯಮವಾಗಿದೆ. ದೋಷವನ್ನು ಪರದೆಯ ಮೇಲೆ ತೋರಿಸಬೇಕೇ ಎಂಬುದನ್ನು ಡಿಸ್‌ಪ್ಲೇ ಎರರ್ಸ್, ಬರೆದಿಡಬೇಕೇ ಎಂಬುದನ್ನು ಲಾಗ್ ಎರರ್ಸ್, ಎಲ್ಲಿ ಬರೆದಿಡಬೇಕೆಂಬುದನ್ನು ಎರರ್ ಲಾಗ್ ಹೇಳುತ್ತವೆ.

ಸಂಯೋಜನಾ ಕಡತವೇ ಇಲ್ಲದಿದ್ದರೆ ಎಂಜಿನ್ ದೋಷಗಳನ್ನು ಪರದೆಯ ಮೇಲೆಯೇ ಮುದ್ರಿಸುತ್ತದೆ. ಅಭಿವೃದ್ಧಿಯ ಹಂತದಲ್ಲಿ ಇದು ಅನುಕೂಲ. ಸಾರ್ವಜನಿಕರು ಬಳಸುವ ತಾಣದಲ್ಲಿ ಅಪಾಯ. ಕಡತಗಳು ಇರುವ ಜಾಗ, ದತ್ತಸಂಚಯದ ಕೋಷ್ಟಕಗಳ ಹೆಸರು ಎಲ್ಲವೂ ಅಪರಿಚಿತರ ಕಣ್ಣಿಗೆ ಬೀಳುತ್ತವೆ. ಹಳೆಯ ಆವೃತ್ತಿಗಳಲ್ಲಿ ದತ್ತಸಂಚಯದ ಸಂಪರ್ಕ ತಪ್ಪಿದಾಗ ಗುಪ್ತಪದವೇ ಪರದೆಗೆ ಬರುವ ಸಾಧ್ಯತೆಯಿತ್ತು. ಆದುದರಿಂದಲೇ ಪಿಎಚ್‌ಪಿಯೊಡನೆ ಅಭಿವೃದ್ಧಿಗೊಂದು, ಬಳಕೆಗೊಂದು ಎಂದು ಎರಡು ಮಾದರಿ ಕಡತಗಳು ಬರುತ್ತವೆ. ಎರಡನೆಯದರಲ್ಲಿ ಪರದೆಯ ಪ್ರದರ್ಶನ ಬಂದ್. ಬರೆದಿಡುವುದು ಮಾತ್ರ ಎರಡರಲ್ಲೂ ಚಾಲೂ. ಬರೆದಿಟ್ಟ ಕಡತವೂ ಹೊರಗಿನವರು ವಿಳಾಸ ಟೈಪಿಸಿ ತೆರೆಯಲಾಗದ ಜಾಗದಲ್ಲಿರಬೇಕು.

ಇಪ್ಪತ್ತೊಂದು ಬೈಟ್‌ಗಳ ಊರು

ಇನ್ನು ಬಾಡಗಂಡಿಯ ಸಮಸ್ಯೆ. ಓದುಗನ ಕಣ್ಣಿಗೆ ಆ ಹೆಸರಿನಲ್ಲಿರುವುದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ದೀರ್ಘ, ಅನುಸ್ವಾರ, ಗುಡಿಸುಗಳೂ ಸೇರಿ ಏಳು ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 21 ಬೈಟ್. ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಹೆಸರಿಗೆ 9 ಬೈಟ್ ಸಾಕು. ಊರಿನ ಹೆಸರನ್ನು 20 ಬೈಟ್‌ಗೆ ಕತ್ತರಿಸುವ ಆದೇಶ ತಂತ್ರಾಂಶದಲ್ಲಿದ್ದರೆ 15 ಬೈಟ್‌ಗಳ ಬೀಳಗಿ, ಮುಧೋಳಗಳೂ 18 ಬೈಟ್‌ಗಳ ಜಮಖಂಡಿಯೂ ಪಾರಾಗುತ್ತವೆ. ಬಾಡಗಂಡಿಯ ಕೊನೆಯ ಗುಡಿಸು ಮಾತ್ರ ಮುರಿದು ಅರ್ಥವಿಲ್ಲದ ಬೈಟ್ ಆಗುತ್ತದೆ.

ಆ ಮುರಿದ ಪಠ್ಯವನ್ನು ಜೇಸನ್ ರೂಪಕ್ಕೆ ತರಲು ಹೊರಟಾಗ ಪಿಎಚ್‌ಪಿ ಯಾವ ಎಚ್ಚರಿಕೆಯನ್ನೂ ನೀಡದೆ, ಆಗಲಿಲ್ಲ ಎಂಬ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ. ತಂತ್ರಾಂಶ ಆ ಉತ್ತರವನ್ನು ನೋಡದಿದ್ದರೆ ಬಳಕೆದಾರನಿಗೆ ಸಿಗುವುದು ಖಾಲಿ ಪುಟ, ದಾಖಲೆಗೆ ಸಿಗುವುದು ಮೌನ. 2018ರ 7.3 ಆವೃತ್ತಿಯಲ್ಲಿ ಇದಕ್ಕೊಂದು ಪರಿಹಾರ ಬಂದಿತು. ತಪ್ಪಾದರೆ ಎಕ್ಸೆಪ್ಷನ್ ಎಸೆಯುವಂತೆ ಸೂಚಿಸಿದರೆ, ಯಾವ ಕಡತದ ಯಾವ ಸಾಲಿನಲ್ಲಿ ದೋಷವಾಯಿತೆಂಬುದು ದಾಖಲೆ ಸೇರುತ್ತದೆ. ಸಂಯೋಜನೆ ಸರಿಯಿದ್ದರಷ್ಟೇ ಸಾಲದು, ತಂತ್ರಾಂಶವೂ ದೋಷವನ್ನು ಬಾಯಿಬಿಟ್ಟು ಹೇಳಬೇಕು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ತೊಡಕೂ ಇದೆ. ಜೇಸನ್ ರೂಪದಲ್ಲಿ ದಾಖಲೆ ಬರೆಯುವಾಗ ಪ್ರತಿ ಕನ್ನಡ ಸಂಕೇತವೂ ಆರು ಚಿಹ್ನೆಗಳ ಗುಪ್ತಲಿಪಿಯಂತಾಗಿ ಬಾಡಗಂಡಿ 42 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಊರಿನ ಹೆಸರಿನಿಂದ ಹುಡುಕಿದರೆ ಏನೂ ಸಿಗದು. ಯೂನಿಕೋಡ್ ಅಕ್ಷರಗಳನ್ನು ಇದ್ದಂತೆಯೇ ಉಳಿಸುವ ಆಯ್ಕೆಯನ್ನು ಬಳಸಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಬರೆಯಬಾರದ್ದು, ಉಳಿಸಲೇಬೇಕಾದದ್ದು

ಎಲ್ಲವನ್ನೂ ಬರೆದಿಡುವುದೂ ವಿವೇಕವಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಗುಪ್ತಪದಗಳು ದಾಖಲೆಗೆ ಸೇರಿದರೆ ಅದೇ ಕಳ್ಳನಿಗೆ ಖಜಾನೆ. ದೋಷದ ಜಾಡಿನಿಂದ ಇಂತಹ ವಿವರಗಳನ್ನು ಕೈಬಿಡುವ ಆಯ್ಕೆ 7.4 ಆವೃತ್ತಿಯಲ್ಲಿ, ಸೂಕ್ಷ್ಮ ಮಾಹಿತಿಯೆಂದು ಗುರುತು ಹಾಕುವ ಅವಕಾಶ 2022ರ 8.2 ಆವೃತ್ತಿಯಲ್ಲಿ ಬಂದವು. ಸಾಲುಸಾಲಾಗಿ ತಂತ್ರಾಂಶವನ್ನು ನಿಲ್ಲಿಸಿ ಪರಿಶೀಲಿಸಲು ನೆರವಾಗುವ, ಡೆರಿಕ್ ರೆಥಾನ್ಸ್ ರೂಪಿಸಿದ ಎಕ್ಸ್‌ಡೀಬಗ್ ಸಾಧನವಾದರೂ ಅಭಿವೃದ್ಧಿಯ ಗಣಕಯಂತ್ರಕ್ಕಷ್ಟೇ ಸೀಮಿತವಾಗಿರಬೇಕು.

ಸಮಯವೂ ಸಾಕ್ಷಿಯ ಭಾಗವೇ. ಕಾಲವಲಯವನ್ನು ನಮೂದಿಸದಿದ್ದರೆ ಪಿಎಚ್‌ಪಿ ಯುಟಿಸಿ ಸಮಯವನ್ನು ಬರೆಯುತ್ತದೆ; ಮಧ್ಯಾಹ್ನ 2.30ರ ದೋಷ 9 ಗಂಟೆಯದಾಗಿ ಕಾಣುತ್ತದೆ. ಏಷ್ಯಾ ಕೋಲ್ಕತಾ ಎಂಬ ವಲಯವನ್ನು ನಮೂದಿಸಿದರೆ ಈ ಗೊಂದಲವಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಕಂಪನಿಗಳು, ಸೇವಾದಾತರು ಹಾಗೂ ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಕಾಯ್ದಿಡಬೇಕೆಂದೂ, ಗಡಿಯಾರಗಳನ್ನು ಅಧಿಕೃತ ಕಾಲಮಾನಕ್ಕೆ ಹೊಂದಿಸಬೇಕೆಂದೂ, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ವಿಧಿಸಿದೆ.

ಸರಿಯಾದ ಮಾದರಿ ಕನ್ನಡಿಗರ ಕಣ್ಣೆದುರೇ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ ತಂತ್ರಾಂಶದಿಂದ. ಅದರಲ್ಲಿ ಮಾರಕ ದೋಷವಾದಾಗ ಓದುಗನಿಗೆ ಕಾಣುವುದು ಒಂದು ಗುರುತಿನ ಸಂಕೇತ, ಸಮಯ ಮತ್ತು ದೋಷದ ಬಗೆ ಮಾತ್ರ. ವಿವರವೆಲ್ಲ ಅದೇ ಸಂಕೇತದಡಿ ನಿರ್ವಾಹಕರ ದಾಖಲೆಯಲ್ಲಿರುತ್ತದೆ. ಓದುಗ ಸಂಕೇತ ತಿಳಿಸಿದರೆ ಸಾಕು, ತಜ್ಞ ನೇರವಾಗಿ ಆ ಸಾಲಿಗೇ ತಲುಪುತ್ತಾನೆ. ಸಣ್ಣ ಸಂಘಸಂಸ್ಥೆಗಳ ತಾಣಗಳಿಗೂ ಇದು ದುಬಾರಿಯ ಏರ್ಪಾಡಲ್ಲ. ಅರ್ಜಿ ಸಲ್ಲಿಸಲಾಗದ ರೈತನ ದೂರನ್ನು ಅವನ ಮಾತಿನ ಮೇಲಷ್ಟೇ ನಂಬಬೇಕಾದ ಅಥವಾ ತಳ್ಳಿಹಾಕಬೇಕಾದ ಪ್ರಸಂಗ ಆಗ ಬರುವುದಿಲ್ಲ.