ಶ್ರೀಧರ ಬರೀ ಧರನಾದ ಕಥೆ: ನಮ್ಮ ದಾನಿಗಳ ಪಟ್ಟಿ ಸರಿಯಾದ ಬಗೆ



ಕಳೆದ ಸಂಚಿಕೆಯಲ್ಲಿ ಕೊಟ್ಟ ವೈದ್ಯಕೀಯ ನೆರವು ನಿಧಿಯ ಲೆಕ್ಕದಲ್ಲಿ ‘ಗುರುತು ಸಿಗದ ಜಮೆ, 38,500 ರೂಪಾಯಿ’ ಎಂಬ ಒಂದು ಸಾಲಿತ್ತು. ಇದೇನು ಎಂದು ಹಲವರು ಫೋನ್ ಮಾಡಿ ಕೇಳಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು. ಹಣ ಬ್ಯಾಂಕಿನಲ್ಲಿ ಕುಳಿತಿತ್ತು, ಕೊಟ್ಟವರು ಯಾರೆಂದು ಮಾತ್ರ ನಮಗೆ ಗೊತ್ತಿರಲಿಲ್ಲ. ಒಬ್ಬ ರೋಗಿಗೆಂದು ಬಂದ ಹಣ ಆ ರೋಗಿಗೇ ಹೋಗಬೇಕು ಎಂಬುದು ನಮ್ಮ ನಿಯಮ. ಯಾರು, ಯಾರಿಗಾಗಿ ಕಳಿಸಿದರು ಎಂದು ತಿಳಿಯದೆ ಚೆಕ್ ಬರೆಯುವಂತಿಲ್ಲ. ಅದೇ ಹೊತ್ತಿನಲ್ಲಿ ಡೊಂಬಿವಲಿಯ ತಾಯಿಯೊಬ್ಬರು ಎರಡು ಸಲ ಕಚೇರಿಗೆ ಬಂದು ಹೋಗಿದ್ದರು. ಮಗನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎರಡನೇ ಸಲ ಬಂದಾಗ ಅವರು ಏನೂ ಕೇಳಲಿಲ್ಲ, ಸುಮ್ಮನೆ ಕುಳಿತು ನೀರು ಕುಡಿದು ಹೋದರು. ಅದು ನನಗೆ ಹೆಚ್ಚು ಚುಚ್ಚಿತು.

ಆ ಭಾನುವಾರ ನಾನು ಲ್ಯಾಪ್‌ಟಾಪ್ ತೆರೆದು ಕುಳಿತೆ. ನಮ್ಮಲ್ಲಿ ಮೂರು ಪಟ್ಟಿಗಳಿದ್ದವು. ಸದಸ್ಯರ ಪಟ್ಟಿ, ವಾಟ್ಸಾಪ್ ಗುಂಪಿನಲ್ಲಿ ‘ನಾನೂ ಕಳಿಸಿದ್ದೇನೆ’ ಎಂದು ಬರೆದವರ ಪಟ್ಟಿ, ಬ್ಯಾಂಕಿನಿಂದ ಬಂದ ಖಾತೆಯ ವಿವರ. ಮೂರನ್ನೂ ತಾಳೆ ಹಾಕಿದರೆ ಗುರುತು ಸಿಗಬೇಕು. ಸಿಗುತ್ತಿರಲಿಲ್ಲ. ಕಾರಣ, ಕಣ್ಣಿಗೆ ಒಂದೇ ಎನಿಸುವುದು ಕಂಪ್ಯೂಟರಿಗೆ ಒಂದೇ ಅಲ್ಲ.

ಮೊದಲು ಫೋನ್ ನಂಬರು ತೆಗೆದುಕೊಳ್ಳಿ. ಒಬ್ಬರು ಮುಂದೆ +91 ಹಾಕಿದ್ದಾರೆ, ಒಬ್ಬರು ಸೊನ್ನೆ, ಮತ್ತೊಬ್ಬರು ಐದಂಕಿಯ ನಂತರ ಜಾಗ ಬಿಟ್ಟಿದ್ದಾರೆ, ಇನ್ನೊಬ್ಬರು ನಡುವೆ ಅಡ್ಡಗೆರೆ ಎಳೆದಿದ್ದಾರೆ. ಎಕ್ಸೆಲ್‌ನಲ್ಲಿಯೂ ಗೂಗಲ್ ಶೀಟ್ಸ್‌ನಲ್ಲಿಯೂ ಸಬ್‌ಸ್ಟಿಟ್ಯೂಟ್ ಎಂಬ ಸೂತ್ರವಿದೆ. ಒಂದು ಅಕ್ಷರವನ್ನು ಹುಡುಕಿ ಅದರ ಬದಲು ಇನ್ನೊಂದನ್ನು, ಅಥವಾ ಏನೂ ಇಲ್ಲದ್ದನ್ನು, ಇಡುತ್ತದೆ. ಖಾಲಿ ಜಾಗಕ್ಕೊಮ್ಮೆ, ಅಡ್ಡಗೆರೆಗೊಮ್ಮೆ ಅದನ್ನು ಬಳಸಿ, ಆಮೇಲೆ ರೈಟ್ ಎಂಬ ಸೂತ್ರದಿಂದ ಬಲಗಡೆಯ 10 ಅಕ್ಷರಗಳನ್ನು ಮಾತ್ರ ತೆಗೆದುಕೊಂಡರೆ +91 ಇರಲಿ, ಸೊನ್ನೆ ಇರಲಿ, ಶುದ್ಧ ನಂಬರು ಉಳಿಯುತ್ತದೆ. ಒಂದೇ ಮನೆಯಲ್ಲಿ ಎರಡು ನಂಬರು ಬರೆದವರಿದ್ದಾರೆ. ಅಲ್ಲಿ ಎರಡನೆಯದಷ್ಟೇ ಸಿಗುತ್ತದೆ, ಅದನ್ನು ಕೈಯಿಂದಲೇ ಬಿಡಿಸಬೇಕು.

ಬ್ಯಾಂಕಿನ ಕಡೆ ಬೇರೆ ಸಮಸ್ಯೆ. ಯುಪಿಐ ಮೂಲಕ ಬಂದ ಹಣದ ಷರಾದಲ್ಲಿ ಗೆರೆ, ಅಂಕಿ, ಅರ್ಧ ಹೆಸರು ಎಲ್ಲ ಒಟ್ಟಿಗೆ ತುರುಕಿರುತ್ತಾರೆ. ಆದರೆ ಹಲವರ ಯುಪಿಐ ಐಡಿ ಅವರ ಫೋನ್ ನಂಬರೇ, ಅದರ ಮುಂದೆ @ ಚಿಹ್ನೆ. ಸರ್ಚ್ ಸೂತ್ರ ಆ ಚಿಹ್ನೆ ಎಷ್ಟನೇ ಸ್ಥಾನದಲ್ಲಿದೆ ಎಂದು ಹೇಳುತ್ತದೆ. ಅಲ್ಲಿಂದ 10 ಸ್ಥಾನ ಹಿಂದೆ ಹೋಗಿ 10 ಅಕ್ಷರ ಎತ್ತಿಕೊಡು ಎಂದು ಮಿಡ್ ಸೂತ್ರಕ್ಕೆ ಹೇಳಿದರೆ ನಂಬರು ಬರುತ್ತದೆ. ಹೀಗೆ ತೆಗೆದ ನಂಬರು ಅಂಕಿಯಂತೆ ಕಂಡರೂ ಕಂಪ್ಯೂಟರಿಗೆ ಅದು ಪಠ್ಯ. ಇನ್ನೊಂದು ಪಟ್ಟಿಯಲ್ಲಿ ಅದೇ ನಂಬರು ಸಂಖ್ಯೆಯಾಗಿದ್ದರೆ ಎರಡೂ ಕೂಡುವುದಿಲ್ಲ. ನಾನು ಒಂದು ಗಂಟೆ ಕಳೆದದ್ದು ಇಲ್ಲೇ. ಗುರುತು ಸಿಗದ 14 ಜಮೆಗಳಲ್ಲಿ 8 ಇಷ್ಟರಲ್ಲೇ ಸಿಕ್ಕವು.

ಉಳಿದವಕ್ಕೆ ಹೆಸರೇ ದಾರಿ. ಹೆಸರುಗಳ ಹಿಂದೆ ಮುಂದೆ ಇರುವ ಹೆಚ್ಚುವರಿ ಜಾಗವನ್ನು ಟ್ರಿಮ್ ಸೂತ್ರ ತೆಗೆಯುತ್ತದೆ, ನಡುವೆ ಎರಡು ಮೂರು ಜಾಗವಿದ್ದರೆ ಒಂದಕ್ಕೆ ಇಳಿಸುತ್ತದೆ. ವೆಬ್ ಪುಟಗಳಿಂದ ನಕಲು ಮಾಡಿದ ಹೆಸರಿನಲ್ಲಿ ಮಾತ್ರ ಬೇರೆ ಜಾತಿಯ ಖಾಲಿ ಜಾಗವೊಂದು ನುಸುಳಿರುತ್ತದೆ. ಅದರ ಸಂಖ್ಯೆ 160. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಮೊದಲು ಸಬ್‌ಸ್ಟಿಟ್ಯೂಟ್‌ನಿಂದ ಮಾಮೂಲಿ ಜಾಗವಾಗಿಸಿ ನಂತರ ಟ್ರಿಮ್ ಮಾಡಬೇಕು.

ಕನ್ನಡದಲ್ಲಿ ಬರೆದ ಹೆಸರುಗಳಿಗೆ ಇನ್ನೊಂದು ಕಾಟ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಅಂಟದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂರುತ್ತದೆ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಕೆಲವರು ಹೆಸರಿನ ಕೊನೆಯಲ್ಲೂ ಅರಿವಿಲ್ಲದೆ ಅದನ್ನು ಒತ್ತಿರುತ್ತಾರೆ. ‘ರಾವ್’ ಮತ್ತು ‘ರಾವ್’ ಎರಡೂ ಪರದೆಯ ಮೇಲೆ ಒಂದೇ, ತಾಳೆಯಲ್ಲಿ ಬೇರೆ ಬೇರೆ. ಲೆನ್ ಸೂತ್ರದಿಂದ ಅಕ್ಷರ ಎಣಿಸಿದಾಗಲೇ ನನಗೆ ಗುಟ್ಟು ತಿಳಿದದ್ದು: ಒಂದಕ್ಕೆ 4 ಬಂತು, ಇನ್ನೊಂದಕ್ಕೆ 5. ಯುನಿಚಾರ್ ಸೂತ್ರದಿಂದ 8204ನ್ನು ಕರೆದು, ತಾಳೆ ಹಾಕಲೆಂದೇ ಇಟ್ಟ ಕಾಲಮ್‌ನಲ್ಲಿ ಮಾತ್ರ ಅಳಿಸಿಹಾಕಿದೆ. ರಸೀದಿಯ ಹೆಸರಿನಲ್ಲಿ ಅದು ಇರಲೇಬೇಕು.

ಇಲ್ಲಿಯವರೆಗೆ ಜಾಣತನ. ಮುಂದಿನದು ನನ್ನ ಪೆದ್ದುತನ. ಹೆಸರಿನ ಮುಂದಿನ ‘ಶ್ರೀ’ ಬೇಡವೆಂದು ಇಡೀ ಪಟ್ಟಿಯಲ್ಲಿ ‘ಶ್ರೀ’ಯನ್ನು ಅಳಿಸಿದೆ. ಶ್ರೀಧರ ಧರನಾದ, ಶ್ರೀನಿವಾಸ ನಿವಾಸನಾದ, ಜಯಶ್ರೀ ಬರೀ ಜಯ. ಹಿಂದೆ ಒಂದು ಖಾಲಿ ಜಾಗವಿರುವ ‘ಶ್ರೀ’ಯನ್ನಷ್ಟೇ ತೆಗೆ ಎಂದೆ, ಆಗ ಜಯಶ್ರೀ ರಾವ್ ಅವರು ಜಯರಾವ್ ಆಗಿ ಗಂಡಸಾದರು! ಕೊನೆಗೆ ಹೊಳೆಯಿತು: ಹೆಸರಿನ ಎಡಗಡೆಯ ಮೊದಲ 5 ಅಕ್ಷರ ‘ಶ್ರೀ’ ಮತ್ತು ಒಂದು ಜಾಗ ಆಗಿದ್ದರೆ ಮಾತ್ರ 6ನೇ ಅಕ್ಷರದಿಂದ ಮುಂದಕ್ಕೆ ಓದು, ಇಲ್ಲದಿದ್ದರೆ ಹಾಗೇ ಬಿಡು. ಇಫ್, ಲೆಫ್ಟ್, ಮಿಡ್ ಮೂರನ್ನೂ ಸೇರಿಸಿದ ಸೂತ್ರ. ‘ಶ್ರೀ’ ಎಂಬುದು ನಮಗೆ ಒಂದಕ್ಷರ, ಕಂಪ್ಯೂಟರಿಗೆ ಶ, ವಿರಾಮ, ರ, ಈಕಾರ ಎಂದು ನಾಲ್ಕು. ಅದೃಷ್ಟಕ್ಕೆ ಮೂಲ ಪಟ್ಟಿಯನ್ನು ಮುಟ್ಟದೆ ಪಕ್ಕದ ಕಾಲಮ್‌ನಲ್ಲಿ ಇದನ್ನೆಲ್ಲ ಮಾಡಿದ್ದೆ.

ಕೊನೆಯಲ್ಲಿ ಫಿಲ್ಟರ್ ಸೂತ್ರ. ಷರಾದಲ್ಲಿ ‘ಡಯಾಲಿಸಿಸ್’ ಎಂಬ ಪದ ಎಲ್ಲಿದ್ದರೂ ಆ ಸಾಲುಗಳನ್ನು ಮಾತ್ರ ತೆಗೆದುಕೊಡು ಎಂದರೆ ತಕ್ಷಣ ಕೊಡುತ್ತದೆ. ಹಳೆಯ ಎಕ್ಸೆಲ್‌ನಲ್ಲಿ ಈ ಸೂತ್ರವಿಲ್ಲ, ಗೂಗಲ್ ಶೀಟ್ಸ್‌ನಲ್ಲಿದೆ. ಹೆಸರಿನಿಂದ ಇನ್ನೂ 3 ಜಮೆ ಸಿಕ್ಕವು. ಆದರೆ ‘ಕೆ. ಶೆಟ್ಟಿ’ ಮತ್ತು ‘ಕರುಣಾಕರ ಶೆಟ್ಟಿ’ ಒಬ್ಬರೇ ಹೌದೋ ಅಲ್ಲವೋ ಎಂದು ಯಾವ ಸೂತ್ರವೂ ಹೇಳದು. ಅಂಥಲ್ಲಿ ನಮ್ಮ ಮಹಿಳಾ ವಿಭಾಗದ ಅಕ್ಕ ಒಬ್ಬರು ಫೋನ್ ಹಿಡಿದು ಕುಳಿತರು. ಮುಂಬಯಿಯಲ್ಲಿ ಎಷ್ಟು ಜನ ಕೆ. ಶೆಟ್ಟಿ ಇದ್ದಾರೆಂದು ಅವರನ್ನೇ ಕೇಳಿ.

ಒಟ್ಟು 11 ಜಮೆ, 33,000 ರೂಪಾಯಿ ಗುರುತಾಯಿತು. ಅದರಲ್ಲಿ 18,000 ಆ ಡಯಾಲಿಸಿಸ್ ಹುಡುಗನಿಗೆಂದೇ ಬಂದದ್ದು. ಮಂಗಳವಾರ ಚೆಕ್ ಬರೆದೆವು. ದಾನಿಗಳಿಗೆ 80ಜಿ ರಸೀದಿಯೂ ಹೋಗಿದೆ. ಇಬ್ಬರ ಪ್ಯಾನ್ 9 ಅಕ್ಷರ ಮಾತ್ರ ಇದ್ದುದರಿಂದ ಅವರನ್ನು ಮತ್ತೆ ಕೇಳಿದ್ದೇವೆ. ಪ್ಯಾನ್‌ನಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ, ಒಟ್ಟು 10 ಇರಬೇಕು.

ಇನ್ನೂ 3 ಜಮೆ, 5,500 ರೂಪಾಯಿ, ಬಾಕಿ ಇದೆ. ಕಳಿಸಿಯೂ ರಸೀದಿ ಬಾರದವರು ದಯವಿಟ್ಟು ಕಚೇರಿಗೆ ತಿಳಿಸಿ. ತಾರೀಖು ಮತ್ತು ಮೊತ್ತವನ್ನು ನೀವೇ ಹೇಳಬೇಕು, ನಾವು ತಾಳೆ ನೋಡುತ್ತೇವೆ. ಇನ್ನು ಮುಂದೆ ಹಣ ಕಳಿಸುವಾಗ ಷರಾದಲ್ಲಿ ಸದಸ್ಯತ್ವ ಸಂಖ್ಯೆ ಮತ್ತು ರೋಗಿಯ ಹೆಸರು ಬರೆಯಿರಿ. ಪ್ಯಾನ್ ಸಂಖ್ಯೆಯನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಕಚೇರಿಗೆ ನೇರವಾಗಿ ಕೊಡಿ.