ಉಸಿರು ನೋಡಿ ಗಾಳ ಎಸೆಯುವ ಆಟ

ನೀರಿನಲ್ಲಿದ್ದೂ ಉಸಿರುಕಟ್ಟಿ ಸಾಯುವ ಮೀನು ಉಂಟೆಂದರೆ ನಂಬುವುದು ಕಷ್ಟ. ನಮ್ಮ ಕೆರೆಗಳ ಕೊರಮೀನು ಅಂಥದು. ಕೊರವ, ಮರಲ್ ಎಂದೂ ಕರೆಸಿಕೊಳ್ಳುವ ಇದಕ್ಕೆ ಕಿವಿರಿನ ಉಸಿರಾಟ ಸಾಲದು. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನೇ ಹೀರಿಕೊಳ್ಳುವ ಗೂಡೊಂದು ಬೇರೆಯೇ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಲೇಬೇಕು. ಮೇಲೆ ಬರಲು ಬಿಡದಿದ್ದರೆ ಸಾಯುತ್ತದೆ. ಗಾಳ ಹಿಡಿದು ನಿಂತವನಿಗೆ ಮೀನು ಎಲ್ಲಿದೆ ಎಂದು ಹೇಳಿಕೊಡುವುದೂ ಈ ಉಸಿರೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೆರೆಗಳಿಗೆ ಇದು ಹೇಳಿಮಾಡಿಸಿದ ಮೀನು. ಜೊಂಡು, ತಾವರೆ, ಕೆಸರು ಇದ್ದಷ್ಟೂ ಅದಕ್ಕೆ ಹಿತ. ಬೇಸಗೆಯಲ್ಲಿ ನೀರು ಇಂಗಿದರೆ ಒದ್ದೆ ಕೆಸರಿನೊಳಗೆ ಹುದುಗಿ ಕಾಯುತ್ತದೆ. ಮೃಗಶಿರಾ ಕಾರ್ತಿಯಲ್ಲಿ ಹೈದರಾಬಾದಿನ ಬತ್ತಿನಿ ಮನೆತನದವರು ಆಸ್ತಮಾ ರೋಗಿಗಳಿಗೆ ನುಂಗಿಸುವ ಜೀವಂತ ಮರಿ ಇದೇ ಜಾತಿಯದು. (ಆ ಔಷಧವನ್ನು ವೈದ್ಯರು ಒಪ್ಪುವುದಿಲ್ಲ, ಅದು ಬೇರೆ ಮಾತು.)

ಕೊರಮೀನಿಗೆ ಕಪ್ಪೆ ಕಟ್ಟಿ ಗಾಳ ಹಾಕುವುದು ಹಳ್ಳಿಗಳಲ್ಲಿ ಹಳೆಯ ರೂಢಿ. ಈಗ ಹವ್ಯಾಸಿಗಳ ಕೈಗೆ ರಬ್ಬರ್ ಕಪ್ಪೆ ಬಂದಿದೆ. ಅವರಲ್ಲೂ ಕೆಲವರು ‘ಫ್ಲೈ’ ಹಿಡಿದವರು. ಫ್ಲೈ ಎಂದರೆ ಗರಿ, ಕೂದಲು, ದಾರವನ್ನು ಕೊಕ್ಕೆಗೆ ಸುತ್ತಿ ಹುಳುವಿನಂತೆಯೋ ಕಪ್ಪೆಯಂತೆಯೋ ಮಾಡಿದ ಹುಸಿ ಎರೆ. ಅದಕ್ಕೆ ತೂಕವೇ ಇಲ್ಲ. ಕಲ್ಲಿನಂತೆ ಬೀಸಿ ಒಗೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಆದ್ದರಿಂದ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ದಾರ ಚಾಟಿಯಂತೆ ಬಿಚ್ಚಿಕೊಂಡು ಫ್ಲೈಯನ್ನು ಹೊತ್ತೊಯ್ಯುತ್ತದೆ. ಹಿಂದಕ್ಕೆ ಬೀಸಲು ಜಾಗ ಬೇಕು. ಏರಿಯ ಹಿಂದೆಯೇ ತೆಂಗಿನ ತೋಟವಿರುವ ನಮ್ಮಲ್ಲಿ ಮೊದಲು ಸಿಕ್ಕುವುದು ಮೀನಲ್ಲ, ತೆಂಗಿನ ಗರಿ!

ಗಾಳವನ್ನು ಹೊಟ್ಟೆಪಾಡಿಗಲ್ಲದೆ ವಿನೋದಕ್ಕೆ ಹಿಡಿಯುವುದು ಬಿಳಿಯರಿಂದ ಬಂದ ಚಟವೆಂದು ತಿಳಿದವರುಂಟು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಕಡಲ ಮೀನು ಯಾವುದು, ಸಿಹಿನೀರಿನದು ಯಾವುದು, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ರಾಜನಿಗೆ ತಕ್ಕ ಆಟವೆಂದು ಅಲ್ಲಿ ವಿವರಿಸಿದ್ದಾನೆ. ಫ್ಲೈ ಮಾತ್ರ ಇಂಗ್ಲಿಷರ ಕೊಡುಗೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಅದರ ನಾಯಕ ಹೊಳೆಯ ಮಹಶೀರ್. ಕೆರೆಯ ಮೀನುಗಳಿಗೆಂದು ಅದೇ ಥಾಮಸ್ 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದರು.

ಕೊರಮೀನಿನ ಬೇಟೆಯಲ್ಲಿ ಕೈಗಿಂತ ಕಣ್ಣಿಗೇ ಕೆಲಸ. ಎಲ್ಲೆಂದರಲ್ಲಿ ಗಾಳ ಎಸೆದು ಕೂರುವುದಲ್ಲ. ಮೀನನ್ನು ಕಂಡ ಮೇಲೇ ಎಸೆಯಬೇಕು. ಬಿಸಿಲು ಬೆನ್ನಿಗಿರಬೇಕು, ಆದರೆ ನೆರಳು ಮೀನಿನ ಮೇಲೆ ಬೀಳಬಾರದು. ನೀರಿನ ಥಳಕನ್ನು ಕಡಿಮೆ ಮಾಡುವ ಪೋಲರಾಯ್ಡ್ ಕನ್ನಡಕ ಬೇಕು. ಬೆಳಕು ನೀರಿನಲ್ಲಿ ಬಾಗುವುದರಿಂದ ಮೀನು ನಿಜವಾಗಿ ಇರುವುದಕ್ಕಿಂತ ಮೇಲಿರುವಂತೆ ಕಾಣುತ್ತದೆ. ಜೊಂಡಿನ ನಡುವೆ ಸಣ್ಣ ಗುಳ್ಳೆ, ಒಂದು ‘ಗ್ಲಪ್’ ಸದ್ದು, ಎಲೆಯೊಂದು ಅಲುಗಾಡುವುದು, ಇವೇ ಗುರುತು. ಉಸಿರೆಳೆದು ಮೀನು ಯಾವ ಕಡೆ ತಿರುಗಿತೆಂದು ನೋಡಿ, ಅದರ ದಾರಿಗೆ ಅಡ್ಡಲಾಗಿ ಫ್ಲೈ ಬೀಳಬೇಕು. ತಲೆಯ ಮೇಲೇ ಬಿದ್ದರೆ ಓಡಿಹೋಯಿತೆಂದೇ ಲೆಕ್ಕ.

ಎಲ್ಲಕ್ಕಿಂತ ಸುಲಭವಾಗಿ ಕಾಣುವ ಗುರುತು ಇನ್ನೊಂದಿದೆ. ಈ ಬೇಟೆಯ ತಕರಾರೂ ಅಲ್ಲಿಯೇ. ಮಳೆಗಾಲದಲ್ಲಿ ಕೊರಮೀನು ಜೋಡಿ ಜೊಂಡನ್ನು ಬದಿಗೊತ್ತಿ ಅಂಗಳದಷ್ಟು ತೆರಪು ಮಾಡಿಕೊಂಡು ಮೊಟ್ಟೆಯಿಡುತ್ತದೆ. ಮೊಟ್ಟೆ ತೇಲುತ್ತವೆ. ಒಂದೆರಡು ದಿನಗಳಲ್ಲಿ ಮರಿಯಾಗುತ್ತವೆ. ಕೆಂಪು ಕಿತ್ತಳೆ ಬಣ್ಣದ ನೂರಾರು ಮರಿಗಳು ಉಂಡೆಯಾಗಿ ಸುತ್ತಾಡುತ್ತ ಒಟ್ಟಿಗೆ ಮೇಲೆ ಬಂದಾಗ ನೀರಿನ ಮೇಲೆ ತುಂತುರು ಹನಿಸಿದಂತಿರುತ್ತದೆ. ಕೆಳಗೆ ಕಾವಲಿರುವ ತಂದೆ ತಾಯಿ ಹತ್ತಿರ ಬಂದುದೆಲ್ಲದರ ಮೇಲೂ ಎಗರುತ್ತವೆ, ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ಅಲ್ಲಿ ಫ್ಲೈ ಬೀಳಿಸಿದವನಿಗೆ ಮೀನು ಸಿಗುವುದು ಹೆಚ್ಚುಕಡಿಮೆ ಖಚಿತ. ಕಾವಲು ತಪ್ಪಿದ ಮರಿಗಳು ಜಿಲೇಬಿ ಮೀನಿಗೋ ಆಫ್ರಿಕನ್ ಕ್ಯಾಟ್‌ಫಿಶ್‌ಗೋ ಕೊಕ್ಕರೆಗೋ ಆಹಾರ. ಹಿಡಿದು ಹಿಂದಕ್ಕೆ ಬಿಡುತ್ತೇವಲ್ಲ ಎನ್ನುವ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಮೀನು ಕೈಯಲ್ಲಿದ್ದ ನಾಲ್ಕು ನಿಮಿಷದಲ್ಲೇ ಗುಂಪು ಚದುರಿರುತ್ತದೆ. ಮರಿಯುಂಡೆ ಕಂಡರೆ ಕೋಲು ಮಡಚಿ ಮುಂದೆ ನಡೆಯುವ ಗಾಳಗಾರರೂ ಇದ್ದಾರೆ. ಅವರನ್ನೇ ನಿಜವಾದ ಆಟಗಾರರೆನ್ನಬೇಕು.

ಕೆರೆಯ ಮೀನು ಹರಾಜು ಹಿಡಿದವರ ಲೆಕ್ಕವೇ ಬೇರೆ. ಅವರು ಹಣ ಹಾಕಿ ಬಿಡುವುದು ಗಂಗಾ ಸೀಮೆಯಿಂದ ಬಂದ ಕಾಟ್ಲಾ, ರೋಹು ಮರಿಗಳನ್ನು. ಆ ಮರಿಗಳನ್ನು ತಿನ್ನುವ ಕೊರಮೀನು ಅವರ ಪಾಲಿಗೆ ಕಳ್ಳ. ವಿಚಿತ್ರವೆಂದರೆ ಮಾರುಕಟ್ಟೆಯಲ್ಲಿ ಅದೇ ಕಳ್ಳನಿಗೆ ಹೆಚ್ಚು ಬೆಲೆ. ಜೀವಂತವಾಗಿಯೇ ಮಾರಬಹುದು, ಮುಳ್ಳೂ ಕಡಿಮೆ. ಅಳಿವಿನ ಅಂಚಿನ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಹಾಗಾಗಿ ಮಹಶೀರ್‌ಗೆ ಸಿಕ್ಕ ಕಾಳಜಿ ಇದಕ್ಕೆ ಸಿಕ್ಕಿಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಬಲೆ ಬೀಳುತ್ತದೆ. ಬಲೆಗೆ ಸಿಗದೆ ಕೆಸರಿನಲ್ಲಿ ಉಳಿದವು ಮುಂಗಾರಿನ ಹೊಸ ನೀರು ಬಂದಾಗ ಮತ್ತೆ ಮೇಲೆದ್ದು ಜೊಂಡಿನ ನಡುವೆ ಗುಳ್ಳೆ ಬಿಡುತ್ತವೆ.