ಲೇಖನದ ಅಡಿಯ ಕೊಂಡಿಗಳು: ಆರಿಸುವವರು ಯಾರು?

ತಮ್ಮ ಜಾಲತಾಣದಲ್ಲಿ ಬೆಲೆಪಟ್ಟಿಯ ಜೊತೆಗೆ ಸರಕಿನ ಗುಣ, ತಯಾರಿಕೆ, ಬಳಕೆಯ ಕುರಿತು ಚಿಕ್ಕ ಲೇಖನಗಳನ್ನು ಪ್ರಕಟಿಸುವ ಉದ್ಯಮಿಗಳು ಅನೇಕರಿದ್ದಾರೆ. ಇಂತಹ ಲೇಖನದ ಅಡಿಯಲ್ಲಿ ‘ಇವನ್ನೂ ಓದಿ’ ಎಂದು ನಾಲ್ಕಾರು ಕೊಂಡಿಗಳು ತಾವಾಗಿಯೇ ಮೂಡುವುದುಂಟು. ಅವನ್ನು ಜೋಡಿಸುವುದು ಪ್ಲಗಿನ್ ಎಂಬ ಪೂರಕ ತಂತ್ರಾಂಶ. ಕೆಲವು ಪ್ಲಗಿನ್‌ಗಳು ಅದೇ ತಾಣದ ಹಳೆಯ ಲೇಖನಗಳನ್ನಷ್ಟೇ ತೋರಿಸುತ್ತವೆ; ಮತ್ತೆ ಕೆಲವು ಅನ್ಯರ ತಾಣಗಳಿಗೆ ದಾರಿ ತೋರುತ್ತವೆ. ವ್ಯಾಪಾರಸ್ಥರು ಪರಿಶೀಲಿಸಬೇಕಾದುದು ಈ ಎರಡನೆಯ ಬಗೆಯನ್ನು.

ಯಂತ್ರವು ಲೇಖನದ ಅರ್ಥವನ್ನು ತಿಳಿದು ಸಂಬಂಧ ಕಲ್ಪಿಸುತ್ತದೆ ಎಂದು ಭಾವಿಸಬೇಕಾಗಿಲ್ಲ. ಬಹುಪಾಲು ಹಳೆಯ ಪ್ಲಗಿನ್‌ಗಳ ಆಧಾರ ಪದಗಳ ಎಣಿಕೆ. ಒಂದು ಪದ ಈ ಲೇಖನದಲ್ಲಿ ಮೇಲಿಂದ ಮೇಲೆ ಬಂದು, ಉಳಿದ ಲೇಖನಗಳಲ್ಲಿ ವಿರಳವಾಗಿದ್ದರೆ ಅದಕ್ಕೆ ಹೆಚ್ಚಿನ ತೂಕ. ಎಲ್ಲೆಡೆ ಕಾಣುವ ಪದಕ್ಕೆ ತೂಕ ಕಡಿಮೆ. ವಿರಳತೆಯನ್ನು ಅಳೆಯುವ ಈ ತತ್ತ್ವವನ್ನು 1972ರಲ್ಲಿ ಮಂಡಿಸಿದವರು ಕೇಂಬ್ರಿಜ್‌ನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್. ತೂಕದ ಪದಗಳು ಯಾವ ಎರಡು ಲೇಖನಗಳಲ್ಲಿ ಹೆಚ್ಚಾಗಿ ಹೊಂದುತ್ತವೆಯೋ ಅವು ‘ಸಂಬಂಧಿತ’ ಎನಿಸಿಕೊಳ್ಳುತ್ತವೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಚನ್ನಪಟ್ಟಣದ ತಯಾರಕರೊಬ್ಬರು ಮರದ ಆಟಿಕೆಗೆ ಅರಗಿನ ಬಣ್ಣ ಹಚ್ಚುವ ವಿಧಾನವನ್ನು ಇಂಗ್ಲಿಷಿನಲ್ಲಿ ವಿವರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಆಟಿಕೆ, ಅರಗು, ಚನ್ನಪಟ್ಟಣ, ಈ ಮೂರೂ ಪದಗಳು ಸೇರಿಕೊಂಡಿರುವ ಮತ್ತೊಂದು ಪುಟ ಯಾರದಾಗಿರಲು ಸಾಧ್ಯ? ಬಹುತೇಕ ಅದೇ ಸರಕು ಮಾರುವ ಇನ್ನೊಬ್ಬರದು. ಪದಗಳ ಲೆಕ್ಕದಲ್ಲಿ ಹತ್ತಿರದ ಬಂಧುವಾದವನೇ ವ್ಯಾಪಾರದಲ್ಲಿ ಹತ್ತಿರದ ಪ್ರತಿಸ್ಪರ್ಧಿ. ಲೇಖನವನ್ನು ಕೊನೆಯವರೆಗೆ ಓದಿ, ಕೊಳ್ಳುವ ಮನಸ್ಸು ಮಾಡಿದ ಗಿರಾಕಿಯನ್ನು ಪ್ಲಗಿನ್ ಆ ಕ್ಷಣದಲ್ಲಿಯೇ ಎದುರಂಗಡಿಗೆ ಕಳುಹಿಸಿಬಿಡಬಹುದು.

ಲೇಖನ ಕನ್ನಡದಲ್ಲಿದ್ದರೆ ತೊಡಕು ಬೇರೆ. ಗೊಂಬೆ, ಗೊಂಬೆಯ, ಗೊಂಬೆಗೆ, ಗೊಂಬೆಗಳನ್ನು ಎಂಬ ರೂಪಗಳು ನಮಗೆ ಒಂದೇ ಪದ. ಇಂಗ್ಲಿಷನ್ನು ಗಮನದಲ್ಲಿಟ್ಟು ರಚಿಸಿದ, ವಿಭಕ್ತಿ ಪ್ರತ್ಯಯಗಳನ್ನು ಬಿಡಿಸಲಾರದ ತಂತ್ರಾಂಶಕ್ಕೆ ಅವು ನಾಲ್ಕು ಪದಗಳು. ಸರಕಿನ ಹೆಸರು ಹೊಂದದೆ ಊರಿನ ಹೆಸರು ಮಾತ್ರ ಹೊಂದಿದಾಗ, ಗೊಂಬೆಯ ಲೇಖನದ ಕೆಳಗೆ ಹೆದ್ದಾರಿ ಅಪಘಾತದ ವರದಿ ಬಂದು ಕುಳಿತರೂ ಆಶ್ಚರ್ಯಪಡಬೇಕಿಲ್ಲ.

ಈ ಸೌಲಭ್ಯದ ಇತಿಹಾಸವೂ ಬೋಧಪ್ರದ. 2008ರಲ್ಲಿ ವರ್ಡ್‌ಪ್ರೆಸ್ ಡಾಟ್ ಕಾಮ್, ಸ್ಫಿಯರ್ ಎಂಬ ಕಂಪನಿಯ ತಂತ್ರಜ್ಞಾನದಿಂದ ತನ್ನ ಬಳಕೆದಾರರ ಲೇಖನಗಳ ಕೆಳಗೆ ಅನ್ಯ ತಾಣಗಳ ಕೊಂಡಿಗಳನ್ನೂ ಮೂಡಿಸತೊಡಗಿತು. ಬೇಡವೆಂದವರು ತಾವೇ ಹೋಗಿ ಅದನ್ನು ನಿಲ್ಲಿಸಬೇಕಿತ್ತು. ಆ ವ್ಯವಸ್ಥೆ ಈಗಿಲ್ಲ. ಅದೇ ಬಳಗದ ಜೆಟ್‌ಪ್ಯಾಕ್ ಇಂದು ಸ್ವಂತ ತಾಣದ ಲೇಖನಗಳನ್ನಷ್ಟೇ ತೋರಿಸುತ್ತದೆ. 2007ರಲ್ಲಿ ಸ್ಲೊವೇನಿಯಾದಲ್ಲಿ ಆರಂಭವಾದ ಜೆಮಾಂಟಾದ ಕ್ರಮ ಹೆಚ್ಚು ವಿವೇಕದ್ದಾಗಿತ್ತು: ಅದು ಕೊಂಡಿಗಳನ್ನು ಸೂಚಿಸುತ್ತಿತ್ತು, ಆರಿಸುವ ಅಧಿಕಾರ ಬರೆಯುವವನದಾಗಿತ್ತು. 2017ರಲ್ಲಿ ಅದನ್ನು ಕೊಂಡ ಔಟ್‌ಬ್ರೇನ್, ಜಾಹೀರಾತುದಾರರಿಂದ ಕ್ಲಿಕ್ಕಿಗಿಷ್ಟು ಎಂದು ಹಣ ಪಡೆದು ತಾಣದ ಒಡೆಯನಿಗೆ ಪಾಲು ಕೊಡುವ ಸಂಸ್ಥೆ. ಹೀಗೆ ‘ಸಂಬಂಧಿತ’ ಎಂಬ ಜಾಗವು ಬರಬರುತ್ತ ಬಾಡಿಗೆಯ ಜಾಗವಾಯಿತು. ಪತ್ರಿಕೆಗಳ ತಾಣಕ್ಕೆ ಆ ಆದಾಯ ಉಪಯುಕ್ತವೇ ಸರಿ; ದಿನಕ್ಕೆ ಹತ್ತಿಪ್ಪತ್ತು ಮಂದಿ ಓದುವ ಸಣ್ಣ ಕಾರ್ಖಾನೆಯ ತಾಣಕ್ಕೆ ಅದರಿಂದ ಬರುವುದು ಚಿಲ್ಲರೆ ಕಾಸು, ಹೋಗುವುದು ಗಿರಾಕಿ.

ಕೊಂಡಿಗೆ ಇನ್ನೊಂದು ಬೆಲೆಯೂ ಇದೆ. ಗೂಗಲ್ ಶೋಧ ಯಂತ್ರವು ಕೊಂಡಿಯನ್ನು ಶಿಫಾರಸಿನಂತೆ ಪರಿಗಣಿಸುವುದರಿಂದ, ಹಣ ಪಡೆದ ಕೊಂಡಿಗಳಿಗೆ ಗುರುತು ಹಾಕಬೇಕೆಂಬುದು ಅದರ ನಿಯಮ. ಇದಕ್ಕಾಗಿ 2005ರಲ್ಲಿ ‘ನೋಫಾಲೊ’, 2019ರಲ್ಲಿ ‘ಸ್ಪಾನ್ಸರ್ಡ್’ ಎಂಬ ಗುರುತುಗಳು ಬಂದವು. ಗುರುತಿಲ್ಲದೆ ಇಂತಹ ಕೊಂಡಿಗಳನ್ನು ಮೂಡಿಸುವ ಪ್ಲಗಿನ್‌ನಿಂದ ಶೋಧ ಫಲಿತಾಂಶದಲ್ಲಿ ತಾಣದ ಸ್ಥಾನಕ್ಕೇ ಧಕ್ಕೆ ತಗಲಬಹುದು. ತಾಣ ನಿರ್ಮಿಸಿಕೊಟ್ಟವರಿಂದ ಈ ಬಗ್ಗೆ ಸ್ಪಷ್ಟ ಉತ್ತರ ಪಡೆಯುವುದು ಒಳಿತು.

ಹೊರಗಿನ ಕೊಂಡಿಯೇ ಬೇಡವೆಂದಲ್ಲ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಚೆನ್ನೈನಲ್ಲಿರುವ ಆ ನೋಂದಣಿ ಕಚೇರಿಯ ತಾಣಕ್ಕೆ ತಯಾರಕರು ಕೈಯಾರೆ ಒಂದು ಕೊಂಡಿ ಹಾಕಿದರೆ ದೂರದ ಖರೀದಿದಾರನು ಮಾನ್ಯತೆಯನ್ನು ತಾನೇ ಪರಿಶೀಲಿಸಿಕೊಳ್ಳಬಹುದು. ಅದಕ್ಕೆ ಬೇಕಾಗುವುದು ಐದು ನಿಮಿಷದ ಕೆಲಸ, ಪ್ಲಗಿನ್‌ನ ಅಗತ್ಯವಿಲ್ಲ.